ಕಾಡಿನ ವರ್ಷ ಮಾರ್ಚ್ 31ಕ್ಕೆ ಮುಗಿಯಲ್ಲ: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ.

ನಾನು ಗುಂಡ್ಲುಪೇಟೆ ತಾಲ್ಲೂಕಿನ ರೈತ. ನಮ್ಮ ಹೊಲಕ್ಕೂ ಬಂಡೀಪುರದ ಕಾಡಿಗೂ ನಡುವೆ ಒಂದು ಆನೆ ಕಂದಕ, ಒಂದು ಸೋಲಾರ್ ತಂತಿ, ಅಷ್ಟೇ. ಕಂದಕಕ್ಕೆ ಮಳೆಯಲ್ಲಿ ಮಣ್ಣು ಇಳಿದು ಅರ್ಧ ತುಂಬಿದೆ. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಅನ್ನುವುದು ನನಗಿಂತ ಮೊದಲು ಆನೆಗೆ ಗೊತ್ತಾಗುತ್ತದೆ. ಅರಿಶಿನ, ಹುರುಳಿ, ನೀರಿದ್ದ ವರ್ಷ ಒಂದಿಷ್ಟು ಚೆಂಡು ಹೂವು ಬೆಳೆಯುತ್ತೇನೆ. ವಯಸ್ಸಿನಲ್ಲಿ ಮೂರು ಬೇಸಿಗೆ ಬೆಂಕಿ ವಾಚರ್ ಆಗಿದ್ದೆ, ಅಂದರೆ ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯುವ ಕೆಲಸ. ಆಮೇಲೆ ಎರಡು ವರ್ಷ ಕಾಡಿಗೆ ಹಬ್ಬಿದ ಲಂಟಾನ ಕಳೆ ಕೀಳುವ ಕೂಲಿಗೂ ಹೋಗಿದ್ದೆ. ಅದು ಬಿಟ್ಟರೆ ಕಾಡಿನ ಬಗ್ಗೆ ಮಾತಾಡಲು ನನಗೆ ಬೇರೆ ಡಿಗ್ರಿ ಇಲ್ಲ.

ಈ ಪತ್ರವನ್ನು ನೇರವಾಗಿ ನಿಮಗೇ ಕಳಿಸಬಹುದಿತ್ತು. ಕಳಿಸಿದ್ದರೆ ಅದು ಮಲ್ಲೇಶ್ವರದ ಅರಣ್ಯ ಭವನಕ್ಕೆ ಹೋಗಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಯಾವುದೋ ರೇಂಜ್ ಆಫೀಸಿನಲ್ಲಿ ‘ಸೂಕ್ತ ಕ್ರಮಕ್ಕಾಗಿ’ ಅಂತ ಸೀಲು ಬಿದ್ದು ಕೂರುತ್ತಿತ್ತು. ನಾನು ಹೇಳುವ ವಿಷಯ ರೇಂಜರ್ ಕೈಯಲ್ಲಿ ಇಲ್ಲ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಹಣಕಾಸು ಇಲಾಖೆಯವರೂ ಓದಲಿ ಅನ್ನುವ ಆಸೆ ಇದೆ. ನಿಜ ಹೇಳಬೇಕೆಂದರೆ ನಿಮಗಿಂತ ಜಾಸ್ತಿ ಅವರೇ ಓದಬೇಕು.

ವಿಷಯ ಇಷ್ಟೇ ಸ್ವಾಮಿ. ಕಾಡಿಗೆ ಅದರದೇ ಒಂದು ವರ್ಷ ಇದೆ. ಮುಂಗಾರು ಹಿಡಿದರೆ ಒಂದು ಕೆಲಸ, ಹಿಂಗಾರು ಮುಗಿದರೆ ಇನ್ನೊಂದು, ಎಲೆ ಉದುರಿದ ಮೇಲೆ ಮತ್ತೊಂದು. ಸರ್ಕಾರದ ದುಡ್ಡಿಗೆ ಬೇರೆಯದೇ ವರ್ಷ. ಅದು ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಸಾಯುತ್ತದೆ. ಈ ಎರಡಕ್ಕೂ ಜಾತಕ ಕೂಡಿ ಬರುತ್ತಿಲ್ಲ. ನಮ್ಮ ಕಾಡಿನ ಬಹುಪಾಲು ತೊಂದರೆ ಹುಟ್ಟುವುದು ಇಲ್ಲೇ ಅಂತ ನನ್ನ ಲೆಕ್ಕ.

ಕಾಗದದಲ್ಲಿ ನೋಡಿದರೆ ಬಂಡೀಪುರಕ್ಕೆ ಯಾವ ಕೊರತೆಯೂ ಕಾಣಲ್ಲ. 1931ರಲ್ಲಿ ಮೈಸೂರು ಮಹಾರಾಜರು 90 ಚದರ ಕಿಲೋಮೀಟರ್ ಜಾಗವನ್ನು ಅಭಯಾರಣ್ಯ ಮಾಡಿದರು. ಹತ್ತು ವರ್ಷಕ್ಕೆ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ 800 ಚದರ ಕಿಲೋಮೀಟರಿಗೆ ಬೆಳೆಯಿತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮದೂ ಒಂದು. 2022ರ ಹುಲಿ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ, ಬಂಡೀಪುರ ಒಂದರಲ್ಲೇ 150. ಮರುವರ್ಷದ ಆನೆ ಗಣತಿಯಲ್ಲಿ ರಾಜ್ಯಕ್ಕೆ 6,395 ಆನೆ. ನಾಲ್ಕು ವರ್ಷಕ್ಕೊಮ್ಮೆ ತಜ್ಞರು ಬಂದು ಹುಲಿ ಕಾಡುಗಳ ನಿರ್ವಹಣೆಗೆ ಅಂಕ ಕೊಡುತ್ತಾರೆ. 2022ರ ಸುತ್ತಿನಲ್ಲಿ ಬಂಡೀಪುರಕ್ಕೆ ‘ಅತ್ಯುತ್ತಮ’ ದರ್ಜೆ ಸಿಕ್ಕಿತು.

ಆ ಅಂಕ ಸುಳ್ಳು ಅಂತ ನಾನು ಹೇಳಲ್ಲ. ವೀರಪ್ಪನ್ ಕಾಲ ನೋಡಿದ ಜಿಲ್ಲೆ ನಮ್ಮದು. ಆಗ ಕಾಡಿನೊಳಗೆ ಒಬ್ಬ ಗಾರ್ಡ್ ರಾತ್ರಿ ಉಳಿಯುವುದೇ ದೊಡ್ಡ ಮಾತಾಗಿತ್ತು. ಈಗ ಕಾಡಿನ ಉದ್ದಗಲಕ್ಕೂ ಕಳ್ಳಬೇಟೆ ತಡೆಯುವ ಕ್ಯಾಂಪುಗಳಿವೆ. ಹುಡುಗರು ಮೊಬೈಲಿನಲ್ಲಿ ಜಿಪಿಎಸ್ ಹಾಕಿಕೊಂಡು ಬೀಟ್ ಸುತ್ತುತ್ತಾರೆ. ಹುಲಿ ಜಾಸ್ತಿ ಆಗಿದ್ದು ಸುಮ್ನೆ ಅಲ್ಲ. ಆದರೆ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಬರೆಯುವ ಹುಡುಗ ದಿನಾ ಎಷ್ಟು ಓದುತ್ತಾನೆ ಅನ್ನುವುದು ಅವನ ಮನೆಯವರಿಗೆ ತಾನೇ ಗೊತ್ತು? ಈ ಕಾಡಿಗೆ ನಾವು ಮನೆಯವರು.

ಲಂಟಾನದಿಂದ ಶುರು ಮಾಡುತ್ತೇನೆ. ನೀವು ಸಫಾರಿ ಜೀಪಿನಲ್ಲಿ ಹೋದಾಗ ನೋಡಿರುತ್ತೀರಿ. ದಾರಿಯ ಎರಡೂ ಕಡೆ ಸ್ವಲ್ಪ ದೂರ ಸವರಿ ಬಯಲು ಮಾಡಿರುತ್ತಾರೆ. ಅಲ್ಲಿ ಹುಲ್ಲು ಇರುತ್ತದೆ, ಜಿಂಕೆ ಇರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಅದರ ಹಿಂದೆ ಹಸಿರು ಗೋಡೆ ಹಾಗೆ ನಿಂತಿರುವುದೇ ಲಂಟಾನ. ಸಣ್ಣ ಸಣ್ಣ ಬಣ್ಣದ ಹೂವಿನ ಗೊಂಚಲು, ನೋಡಲು ಚಂದ. ಬ್ರಿಟಿಷರು ಅಂದಕ್ಕೆ ಅಂತಲೇ ಕಲ್ಕತ್ತಾದ ತೋಟಕ್ಕೆ ತಂದಿದ್ದಂತೆ, ಇನ್ನೂರು ವರ್ಷದ ಹಿಂದೆ. ಈಗ ದೇಶದ ಹುಲಿ ಕಾಡುಗಳಲ್ಲಿ ನೂರಕ್ಕೆ ನಲವತ್ತು ಪಾಲಿಗೆ ಇದು ಹಬ್ಬಿದೆ ಅಂತ ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರೆ.

ಒಂದು ಸಲ ಆ ಗೋಡೆಯೊಳಗೆ ನುಗ್ಗಿ ನೋಡಬೇಕು. ನಿಂತು ನಡೆಯಲು ಆಗಲ್ಲ, ಬಗ್ಗಿಯೇ ಹೋಗಬೇಕು. ಮುಳ್ಳು ಅಂಗಿ ಹಿಡಿದು ಎಳೆಯುತ್ತದೆ. ಎಲೆ ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಹೊರಗೆ ಬರುವ ಹೊತ್ತಿಗೆ ಕಾಲಿನ ತುಂಬ ಉಣುಗು. ನೆಲ ನೋಡಿದರೆ ಕರೀ ಮಣ್ಣು, ಒಣಗಿದ ಕಡ್ಡಿ. ಒಂದು ಎಳೆ ಗರಿಕೆ ಕೂಡ ಇರಲ್ಲ. ಬಿದಿರು ಇದ್ದ ಕಾಲದಲ್ಲಿ ಆನೆಗೆ ಅದಾದರೂ ಇತ್ತು. ಬಿದಿರು ಹೂ ಬಿಟ್ಟು ಒಟ್ಟಿಗೇ ಸತ್ತಾಗ ಬಿಸಿಲು ನೆಲಕ್ಕೆ ಬಿತ್ತು. ಆ ಬಿಸಿಲನ್ನು ಹೊಸ ಬಿದಿರಿಗಿಂತ ಮೊದಲು ಲಂಟಾನ ಕುಡಿಯಿತು.

ಜಿಂಕೆ ಲಂಟಾನ ತಿನ್ನಲ್ಲ, ಕಾಟಿ ತಿನ್ನಲ್ಲ, ಆನೆಗೂ ಬೇಡ. ಹುಲ್ಲು ಹುಡುಕಿಕೊಂಡು ಅವು ಕಾಡಿನ ಅಂಚಿಗೆ ಬರುತ್ತವೆ. ಅಂಚಿನಲ್ಲಿ ನಮ್ಮ ಜೋಳ ಇರುತ್ತದೆ, ಹುರುಳಿ ಇರುತ್ತದೆ. ಅವುಗಳ ಹಿಂದೆ ಹುಲಿ ಬರುತ್ತದೆ. ಹಗಲು ಪೂರ್ತಿ ಮಲಗಲು ಅದಕ್ಕೆ ಹೊಲದ ಪಕ್ಕದಲ್ಲೇ ಲಂಟಾನದ ಮೆಳೆ ಸಿಗುತ್ತದೆ. ನಾವು ಐದು ಮಾರು ದೂರದಲ್ಲಿ ದನ ಕಟ್ಟಿರುತ್ತೇವೆ. ಹುಲಿ ಊರಿಗೆ ಬಂತು, ಹುಲಿ ಊರಿಗೆ ಬಂತು ಅಂತ ಟಿವಿಯಲ್ಲಿ ಕೂಗುತ್ತಾರಲ್ಲ, ಅದನ್ನು ಮುಕ್ಕಾಲು ದಾರಿ ಕರೆತಂದದ್ದು ಈ ಗಿಡ.

ಹಾಗಾದರೆ ಕಿತ್ತು ಹಾಕಿ ಅಂತೀರಿ. ಕೀಳುತ್ತಾರೆ, ಪ್ರತಿ ವರ್ಷ ಕೀಳುತ್ತಾರೆ. ನಾನೂ ಕಿತ್ತಿದ್ದೇನೆ.

ಕೆಲಸಕ್ಕೆ ಹೋದ ಮೊದಲ ದಿನ ಮಚ್ಚು ತಗೊಂಡು ಬುಡದ ಮೇಲೆ ಕಡಿಯಲು ಹೋದೆ. ಪಕ್ಕದಲ್ಲಿ ಜೇನುಕುರುಬರ ಹಾಡಿಯ ಅಜ್ಜ ಒಬ್ಬರಿದ್ದರು. ‘ಮೇಲೆ ಕಡಿದರೆ ಅದು ನಿನ್ನ ನೋಡಿ ನಗುತ್ತೆ ಕಣಪ್ಪ’ ಅಂದರು. ಆಮೇಲೆ ತೋರಿಸಿಕೊಟ್ಟರು. ಬುಡದ ಸುತ್ತ ಮಣ್ಣು ಸರಿಸಬೇಕು. ಕಾಂಡ ಬೇರಾಗುವ ಜಾಗದಲ್ಲಿ ಒಂದು ಗಂಟಿನ ಹಾಗೆ ಇರುತ್ತದೆ. ಚಿಗುರೆಲ್ಲ ಹೊರಡುವುದು ಅಲ್ಲಿಂದಲೇ. ಅದಕ್ಕಿಂತ ಎರಡು ಬೆರಳು ಕೆಳಗೆ ತಾಯಿಬೇರಿಗೆ ಗುದ್ದಲಿ ಏಟು ಬೀಳಬೇಕು. ಇಬ್ಬರು ಹಿಡಿದು ಇಡೀ ಮೆಳೆಯನ್ನು ಎತ್ತಿ ಬುಡ ಮೇಲೆ ಮಾಡಿ ಮಲಗಿಸಬೇಕು. ಬೇರಿಗೆ ಮಣ್ಣು ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ದಿಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು ಇದೇ ವಿಧಾನವನ್ನು ಬೆಳೆಸಿ ದೇಶಕ್ಕೆಲ್ಲ ಹೇಳಿಕೊಟ್ಟರು ಅಂತ ಆಮೇಲೆ ತಿಳಿಯಿತು.

ಈ ಕೆಲಸಕ್ಕೆ ಒಂದು ಹೊತ್ತಿದೆ. ಮಳೆ ಬಿದ್ದು ನೆಲ ಮೆತ್ತಗಾಗಿರಬೇಕು. ಕಾಯಿ ಹಣ್ಣಾಗುವ ಮುಂಚೆ ಮುಗಿಯಬೇಕು. ಹಣ್ಣಾದರೆ ಪಿಕಳಾರ, ಗೊರವಂಕ ತಿಂದು ಊರೆಲ್ಲ ಬಿತ್ತುತ್ತವೆ. ಆರಿದ್ರ, ಪುನರ್ವಸು, ಪುಷ್ಯ ಮಳೆಗಳ ಕಾಲ ಅಂದರೆ ನಿಮಗೂ ಗೊತ್ತಾಗುತ್ತದೆ, ಜೂನ್ ಕೊನೆಯಿಂದ ಜುಲೈ ತನಕ. ಅಷ್ಟಕ್ಕೇ ಮುಗಿಯಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ ಕೊತ್ತಂಬರಿ ಚೆಲ್ಲಿದ ಹಾಗೆ ಲಂಟಾನದ ಸಸಿ ಎದ್ದಿರುತ್ತದೆ, ಅದರಲ್ಲೂ ಹಕ್ಕಿ ಕೂರುವ ಮರದ ಕೆಳಗೆ. ಅದನ್ನು ಕೈಯಲ್ಲೇ ಕೀಳಬೇಕು. ಜೊತೆಗೆ ಊರಿನದೇ ಹುಲ್ಲಿನ ಬೀಜ ಚೆಲ್ಲಬೇಕು. ಮೂರನೇ ವರ್ಷವೂ ಒಂದು ಸುತ್ತು ಬರಬೇಕು. ಮೂರು ಮಳೆಗಾಲ ಬಿಡದೆ ಹೋದರೆ ಹುಲ್ಲು ಗೆಲ್ಲುತ್ತದೆ. ಒಂದು ತಪ್ಪಿದರೆ ಲಂಟಾನ ಗೆಲ್ಲುತ್ತದೆ.

ನಾವು ಕಿತ್ತ ಜಾಗದಲ್ಲಿ ಏನಾಯಿತು ಕೇಳಿ. ಯಾವ ವಲಯ, ಯಾರ ಗುತ್ತಿಗೆ ಅಂತ ಹೇಳಲ್ಲ, ಅವರ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ಮೊದಲ ವರ್ಷ ದುಡ್ಡು ಹೇಗೋ ಬೇಗ ಬಂತು, ಮಳೆಯಲ್ಲೇ ಕಿತ್ತೆವು. ಎರಡನೇ ವರ್ಷದ ಕಾಗದ ಕೈಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಅಷ್ಟು ಹೊತ್ತಿಗೆ ಸಸಿ ಮೊಣಕಾಲುದ್ದ ಬೆಳೆದು ಕಾಯಿ ಬಿಟ್ಟಿತ್ತು, ನೆಲ ಕಲ್ಲಾಗಿತ್ತು. ಗುದ್ದಲಿ ಇಳಿಯಲ್ಲ ಅಂತ ಮೇಲೆ ಮೇಲೆ ಸವರಿದೆವು. ಮಾರ್ಚ್ ಒಳಗೆ ಬಿಲ್ ಆಗಬೇಕಿತ್ತು, ಆಯಿತು. ಮೂರನೇ ವರ್ಷ ಕೆಲಸವೇ ಬರಲಿಲ್ಲ. ದುಡ್ಡು ಬೇರೆ ಜಾಗಕ್ಕೆ ಹೋಗಿತ್ತು, ಯಾಕೆಂದರೆ ಆ ಜಾಗ ಪುಸ್ತಕದಲ್ಲಿ ಆಗಲೇ ‘ಲಂಟಾನ ತೆರವು ಮಾಡಿದ ಪ್ರದೇಶ’. ಹೋದ ವರ್ಷ ಅತ್ತ ಹೋಗಿದ್ದೆ. ನಾನು ಕೂತು ಊಟ ಮಾಡಿದ ಬಂಡೆ ಕಾಣಲೇ ಇಲ್ಲ. ಮುಂಚಿಗಿಂತ ಒತ್ತಾಗಿದೆ.

ಸರ್ಕಾರದ ದುಡ್ಡು ಪೂರ್ತಿ ಖರ್ಚಾಗಿದೆ, ಕೂಲಿಯವರು ಪೂರ್ತಿ ಬೆವರಿದ್ದಾರೆ, ಎಕರೆ ಲೆಕ್ಕ ಸರಿ ಇದೆ. ಯಾರೂ ಕದ್ದಿಲ್ಲ. ಆದರೂ ಕೆಲಸ ದಂಡ. ನನಗೆ ಸಿಟ್ಟು ಬರುವುದು ಇದಕ್ಕೇ. ಕದ್ದಿದ್ದರೆ ಬಯ್ಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ.

ಈಗ ಹಳದಿ ಹೂವಿನ ಸೆನ್ನಾ ಮರ ಬೇರೆ ಶುರುವಾಗಿದೆ. ನೆರಳಿಗೆ, ಅಂದಕ್ಕೆ ಅಂತ ಹಿಂದೆ ನಮ್ಮವರೇ ನೆಟ್ಟದ್ದು. ಇದನ್ನು ಒಂದು ಕಡೆ ಕಡಿದರೆ ಬುಡದಲ್ಲಿ ಹತ್ತು ಚಿಗುರು. ಹೂ ಬಿಟ್ಟಾಗ ಪ್ರವಾಸಿಗರು ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಪಾರ್ಥೇನಿಯಂ ಕಾಂಗ್ರೆಸ್ ಗಿಡ ಆಯಿತು, ಯುಪಟೋರಿಯಂ ಕಮ್ಯುನಿಸ್ಟ್ ಗಿಡ ಆಯಿತು. ಕಳೆಗೆ ಹೆಸರಿಡುವುದರಲ್ಲಿ ನಮ್ಮ ಜನ ಪಕ್ಷಪಾತ ಮಾಡಿಲ್ಲ. ಸೆನ್ನಾಕ್ಕೆ ಇನ್ನೂ ಊರ ಹೆಸರು ಬಿದ್ದಿಲ್ಲ. ಬೀಳುವ ಮುಂಚೆ ಕಿತ್ತರೆ ಒಳ್ಳೆಯದು.

ಇನ್ನು ಬೆಂಕಿ.

ಬಂಡೀಪುರದಲ್ಲಿ ಬೆಂಕಿಯ ಕಾಲ ಸಂಕ್ರಾಂತಿ ಆಸುಪಾಸಿನಲ್ಲಿ ಶುರುವಾಗಿ ಏಪ್ರಿಲ್, ಮೇ ತನಕ, ಭರಣಿ ಮಳೆ ನೆಲ ನೆನೆಸುವ ತನಕ. ಅದಕ್ಕೆ ಮುಂಚೆ ಫೈರ್ ಲೈನ್, ಅಂದರೆ ಬೆಂಕಿ ದಾಟದ ಹಾಗೆ ಬಿಡುವ ಬಯಲು ಪಟ್ಟಿ, ಸವರಿ, ಕಸ ಸುಟ್ಟು, ದಾರಿ ಮಾಡಿಟ್ಟಿರಬೇಕು. ಹುಲ್ಲು ಪೂರ್ತಿ ಒಣಗುವ ಮುಂಚೆ ಸುಟ್ಟರೆ ಬೆಂಕಿ ಹೇಳಿದ ಮಾತು ಕೇಳುತ್ತದೆ. ಫೆಬ್ರವರಿಯಲ್ಲಿ ಸುಡಲು ಹೋದರೆ ನಾವು ಅದರ ಮಾತು ಕೇಳಬೇಕು. ಎರಡು ಮೂರು ವಾರ ತಡವಾದರೆ ಕಥೆ ಬೇರೆ.

2019ರ ಫೆಬ್ರವರಿ ನಿಮಗೆ ನೆನಪಿರಬಹುದು. ಗೋಪಾಲಸ್ವಾಮಿ ಬೆಟ್ಟದ ಕಡೆ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಹತ್ತು ಸಾವಿರ ಎಕರೆಗೂ ಜಾಸ್ತಿ ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ಮೇಲಿಂದ ನೀರು ಸುರಿಯಿತು. ಹೆಲಿಕಾಪ್ಟರ್ ಎಲ್ಲರ ಕಣ್ಣಿಗೂ ಬಿತ್ತು. ಕೆಳಗೆ ಹಸಿ ಸೊಪ್ಪು ಹಿಡಿದು ಬಡಿಯುತ್ತಿದ್ದವರು ಅಷ್ಟಾಗಿ ಕಾಣಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಬೆಂಕಿಗೇ ಸಿಕ್ಕಿ ಸತ್ತರು.

ಬೆಂಕಿ ಆರಿಸುವುದು ಹೇಗೆ ಅಂತ ಗೊತ್ತಾ? ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಸಾಲಾಗಿ ನಿಲ್ಲಬೇಕು. ಒಬ್ಬ ಬಡಿದು ಮುಂದೆ ಹೋದರೆ ಹಿಂದಿನವನು ಕಿಡಿ ತುಳಿಯಬೇಕು. ಹೊಗೆಗೆ ಕಣ್ಣು ಬಿಡಲು ಆಗಲ್ಲ. ಹುಲ್ಲಿನ ಬೆಂಕಿ ಆದರೆ ಮೊಣಕಾಲ ಎತ್ತರ, ಬಡಿಯಬಹುದು. ಅದು ಲಂಟಾನಕ್ಕೆ ಹತ್ತಿತು ಅಂದರೆ ಮುಗಿಯಿತು. ಲಂಟಾನ ಏಣಿ ಇದ್ದ ಹಾಗೆ. ಅದನ್ನು ಹತ್ತಿ ಬೆಂಕಿ ಮರದ ತಲೆಗೆ ಹೋಗುತ್ತದೆ. ಆಮೇಲೆ ಓಡುವುದೊಂದೇ. ಸುತ್ತಿ ಸುತ್ತಿ ಮತ್ತೆ ಅದೇ ಗಿಡಕ್ಕೆ ಬಂದೆ ನೋಡಿ.

ಮಾರ್ಚ್ 31ರ ಕಥೆ ಇಲ್ಲೇ ಬರುವುದು. ಬೆಂಕಿ ಕಾಲದ ನಟ್ಟನಡುವೆ ಸರ್ಕಾರದ ವರ್ಷ ಮುಗಿಯುತ್ತದೆ. ಹಳೇ ವರ್ಷದ ಲೆಕ್ಕ ಮುಚ್ಚುತ್ತದೆ, ಹೊಸ ವರ್ಷದ ದುಡ್ಡು ಇನ್ನೂ ಹೊರಟಿರಲ್ಲ. ಕಾಡು ಅತಿ ಹೆಚ್ಚು ಒಣಗಿರುವ ದಿನಗಳಲ್ಲೇ ವಾಚರ್ ಕೂಲಿಗೆ ದುಡ್ಡು ಇರಲ್ಲ. ನಾನಿದ್ದ ಕಾಲದಲ್ಲಿ ಮಾರ್ಚ್, ಏಪ್ರಿಲ್ ಕೂಲಿ ಬಂದದ್ದು ಗೌರಿ ಹಬ್ಬದ ಹೊತ್ತಿಗೆ. ಕ್ಯಾಂಪಿನ ಅಕ್ಕಿ ಸಾಲಕ್ಕೆ, ಅಂಗಡಿಯವನಿಗೆ ಮುಖ ತೋರಿಸಲು ಆಗದೆ ಸುತ್ತು ಹಾಕಿ ಊರಿಗೆ ಬರುತ್ತಿದ್ದೆ. ನನ್ನ ಜೊತೆ ಇದ್ದವನು ಏಪ್ರಿಲಿನಲ್ಲಿ ಕೆಲಸ ಬಿಟ್ಟು ಶುಂಠಿ ಕೆಲಸಕ್ಕೆ ಕೇರಳಕ್ಕೆ ಹೋದ. ಅಲ್ಲಿ ಶನಿವಾರ ಶನಿವಾರ ಕೈಗೆ ದುಡ್ಡು. ಅವನನ್ನು ತಪ್ಪು ಅನ್ನಲು ಆಗುತ್ತಾ? ಆದರೆ ಆ ಗುಡ್ಡದ ಪ್ರತಿ ತಿರುವೂ ಗೊತ್ತಿದ್ದವನು ಅವನೊಬ್ಬನೇ. ಅವನ ಜಾಗಕ್ಕೆ ಬಂದ ಹುಡುಗನಿಗೆ ನೀರಿನ ಗುಂಡಿ ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ಮಳೆ ಬಂತು.

ಈಗಲೂ ತುಂಬ ಬದಲಾದ ಹಾಗೆ ಕಾಣಲ್ಲ. 2025ರ ಜೂನಿನಲ್ಲಿ ನಮ್ಮದೇ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತು ಬಿದ್ದಿದ್ದವು. ಸತ್ತ ಹಸುವಿಗೆ ವಿಷ ಹಾಕಿದ್ದರು. ಆ ಸುದ್ದಿಯ ಜೊತೆಗೇ, ಅಲ್ಲಿ ಗಸ್ತು ತಿರುಗುವ ಹೊರಗುತ್ತಿಗೆ ಹುಡುಗರಿಗೆ ತಿಂಗಳುಗಳಿಂದ ಸಂಬಳ ಆಗಿರಲಿಲ್ಲ ಅನ್ನುವುದೂ ಪತ್ರಿಕೆಗಳಲ್ಲಿ ಬಂತು. ಸಂಬಳ ಆಗಿದ್ದರೆ ಹುಲಿ ಉಳಿಯುತ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಹೊಟ್ಟೆಗಿಲ್ಲದವನ ಕೈಯಲ್ಲಿ ಐದು ಹುಲಿಯ ಕಾವಲು ಕೊಟ್ಟಿದ್ದೆವು ಅನ್ನುವುದಂತೂ ನಿಜ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಏನಾಯಿತು ನಿಮಗೂ ಗೊತ್ತು. ಹುಲಿ ಹಿಡಿಯಲು ಇಟ್ಟ ಬೋನಿನೊಳಗೆ ಜನ ಅರಣ್ಯ ಸಿಬ್ಬಂದಿಯನ್ನೇ ಕೂಡಿ ಬಾಗಿಲು ಹಾಕಿದರು. ವಿಡಿಯೋ ದೇಶವೆಲ್ಲ ಓಡಾಡಿತು. ಜನರ ಸಿಟ್ಟು ನನಗೆ ಅರ್ಥ ಆಗುತ್ತದೆ, ನನ್ನ ಹಟ್ಟಿಯಲ್ಲೂ ದನ ಇದೆ. ಆದರೆ ಬೋನಿನ ಕಂಬಿ ಹಿಡಿದು ನಿಂತಿದ್ದ ಆ ಸಿಬ್ಬಂದಿಯನ್ನು ನೋಡಿದಾಗ ಸಂಕಟ ಆಯಿತು. ಕಂದಕದ ಮಣ್ಣು ತೆಗೆಸುವ ದುಡ್ಡು ಅವರ ಜೇಬಲ್ಲಿ ಇರಲಿಲ್ಲ. ಲಂಟಾನದ ಕಾಗದಕ್ಕೆ ರುಜು ಹಾಕಬೇಕಾದವರೂ ಅವರಲ್ಲ. ಕೈಗೆ ಸಿಕ್ಕವರು ಅವರು, ಅಷ್ಟೇ. ನವೆಂಬರಿನಲ್ಲಿ ಸರಗೂರು ಕಡೆ ಹುಲಿ ಮನುಷ್ಯರನ್ನು ಕೊಂದಾಗ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿ ಅದರ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಾಕಿದಿರಿ. ಆಗಿನ ಹೊತ್ತಿಗೆ ಅದು ಸರಿಯೇ ಇರಬಹುದು. ಆದರೆ ಸಫಾರಿ ನಿಂತರೆ ಹುಲ್ಲು ಬೆಳೆಯಲ್ಲ. ಸಫಾರಿ ಇರಲಿ, ಬಿಡಲಿ, ಕಾಡಿನ ಒಳಗಿನ ಕೆಲಸ ಅದರ ಹೊತ್ತಿಗೆ ಆಗಬೇಕು.

ಹೊತ್ತಿಗೆ ಸರಿಯಾಗಿ ನಡೆದರೆ ಎಷ್ಟು ಫಲ ಸಿಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಗಾಡಿ ಓಡಾಟ ನಿಲ್ಲಿಸಿದರು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದಕ್ಕೆ ಮುಂಚೆ ಬೆಳಗ್ಗೆ ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋದರೆ ರಸ್ತೆಯಲ್ಲಿ ಜಿಂಕೆ, ಕಡವೆ ಜಜ್ಜಿ ಬಿದ್ದಿರುತ್ತಿದ್ದವು. ಈಗ ರಾತ್ರಿ ಒಂಬತ್ತಕ್ಕೆ ಗೇಟ್ ಬೀಳುತ್ತದೆ, ಬೆಳಗ್ಗೆ ಆರಕ್ಕೆ ಏಳುತ್ತದೆ. ಆಂಬುಲೆನ್ಸ್, ಕೆಲವು ಬಸ್ಸು ಬಿಟ್ಟರೆ ಕಾಡು ಕತ್ತಲಲ್ಲಿ ಸುಮ್ಮನಿರುತ್ತದೆ. ಆ ಗೇಟು ಯಾವ ಅನುದಾನಕ್ಕೂ ಕಾಯಲ್ಲ. ಮಾರ್ಚ್ 31ರ ರಾತ್ರಿಯೂ ಒಂಬತ್ತಕ್ಕೇ ಬೀಳುತ್ತದೆ. ನಿರ್ವಹಣೆ ಅಂದರೆ ನನಗೆ ಗೊತ್ತಿರುವುದು ಇಷ್ಟು. ಅದನ್ನು ಸಡಿಲ ಮಾಡಿ ಅಂತ ಆಗಾಗ ಒತ್ತಡ ಬರುತ್ತದೆ, ಮಾಡಬೇಡಿ.

ಇನ್ನೊಂದು ಮಾತು. ಕಾಡಿನ ಪಂಚಾಂಗ ಬಾಯಿಪಾಠ ಇರುವ ಜನ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮುಂಚೆ, ಉದುರಿದ ಎಲೆ ಮಾತ್ರ ಸುಡುವಷ್ಟು ಸಣ್ಣ ಬೆಂಕಿ. 1974ರಲ್ಲಿ ಅಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಲಂಟಾನ ಏರಿದ್ದು ಆಮೇಲೆ ಅಂತ ಸೋಲಿಗರು ಹೇಳುತ್ತಾರೆ. ಸಂಶೋಧಕರು ಅದನ್ನು ದಾಖಲಿಸಿದ್ದಾರೆ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ, ಇರಲಿ. ಈಗ ಲಂಟಾನ ತುಂಬಿದ ಕಾಡಿಗೆ ಬೆಂಕಿ ಹಾಕಿ ಅಂತ ನಾನು ಹೇಳಲ್ಲ, ಹೇಳಿದರೆ ಹುಚ್ಚು. ಆದರೆ ಕಿತ್ತು, ಹುಲ್ಲು ಬಂದ ಒಂದು ಜಾಗದಲ್ಲಿ, ಅವರನ್ನೇ ಕರೆದು, ಅವರು ಹೇಳಿದ ದಿನ ಒಂದು ಪ್ರಯೋಗ ಮಾಡಿ ನೋಡಬಹುದಲ್ವಾ? 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಕೊಟ್ಟಿದ್ದೀರಿ. ಹಕ್ಕುಪತ್ರ ಕೊಟ್ಟ ಮೇಲೆ ಮಾತು ಕೇಳಲು ಏನು ಅಡ್ಡಿ? ಮಲೆ ಮಹದೇಶ್ವರ ಬೆಟ್ಟದಲ್ಲಿ ಅದೇ ಜನ ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ ಮೇಜು ಮಾಡುತ್ತಾರೆ. ಗಟ್ಟಿ ಇರುತ್ತದೆ, ಗೆದ್ದಲು ಹಿಡಿಯಲ್ಲ. ಕಾಡು ಖಾಲಿ ಆಗುವಷ್ಟು ಕುರ್ಚಿ ಮಾಡಲು ಆಗಲ್ಲ, ಅದು ನನಗೂ ಗೊತ್ತು. ಅರಣ್ಯ ಭವನದ ಸಂದರ್ಶಕರ ಕೋಣೆಗೆ ಸಾಕಾಗುವಷ್ಟು ಮಾಡಬಹುದು.

ಈಗ ನಾನು ಕೇಳುವುದಕ್ಕೆ ಬರುತ್ತೇನೆ. ಹೊಸ ಕಾನೂನು ಬೇಡ. 2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದಾಗಲೇ ಪ್ರತಿ ಹುಲಿ ಕಾಡಿಗೆ ಒಂದು ಸಂರಕ್ಷಣಾ ಯೋಜನೆ ಇರಬೇಕು ಅಂತ ಬರೆದಿದೆ. ಆ ಯೋಜನೆ ಹತ್ತು ವರ್ಷದ್ದು. ಅದರ ದುಡ್ಡು ಮಾತ್ರ ವರ್ಷ ವರ್ಷ ಬೇಡಿ ತರಬೇಕು. ಕೇಂದ್ರದ ಪಾಲು, ರಾಜ್ಯದ ಪಾಲು, ಕಂತು ಕಂತಾಗಿ. ಲಂಟಾನದ ಕೆಲಸಕ್ಕಾದರೂ ಮೂರು ವರ್ಷದ ದುಡ್ಡನ್ನು ಒಂದೇ ಮಂಜೂರಾತಿಯಲ್ಲಿ ಕೊಡಿ, ಜಾಗಕ್ಕೆ ಕಟ್ಟಿ ಕೊಡಿ, ಬೇರೆ ಕಡೆ ತಿರುಗಿಸಲು ಆಗದ ಹಾಗೆ. ಅಷ್ಟು ದುಡ್ಡಿಲ್ಲ ಅಂದರೆ ಕಡಿಮೆ ಎಕರೆ ಕೀಳಿಸಿ. ಮೂರು ಸುತ್ತು ಕಿತ್ತ ನೂರು ಎಕರೆ, ಒಂದು ಸುತ್ತು ಸವರಿದ ಸಾವಿರ ಎಕರೆಗಿಂತ ಜಾಸ್ತಿ.

ಬೆಂಕಿ ಕಾಲದ ಕೂಲಿಗೆ ಬೇರೆ ದಾರಿ ಇದೆ. ಅದೇ ತಿದ್ದುಪಡಿಯಲ್ಲಿ ಹುಲಿ ಸಂರಕ್ಷಣಾ ಪ್ರತಿಷ್ಠಾನ ಮಾಡಲು ಅವಕಾಶ ಇದೆ. ಪ್ರವಾಸಿಗರು ಕೊಡುವ ದುಡ್ಡು ಅಲ್ಲಿಗೆ ಬರಬಹುದು. ಅದರಲ್ಲಿ ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳ ವಾಚರ್ ಸಂಬಳವನ್ನು ಮೊದಲೇ ಎತ್ತಿಡಿ. ಸರ್ಕಾರದ ದುಡ್ಡು ಬಂದಾಗ ವಾಪಸ್ ತುಂಬಿಕೊಳ್ಳಿ. ಹಳ್ಳಿಯಲ್ಲಿ ಹೆಂಗಸರ ಸ್ವಸಹಾಯ ಸಂಘದವರು ಇದಕ್ಕಿಂತ ಕಷ್ಟದ ಲೆಕ್ಕವನ್ನು ಒಂದು ನೋಟ್ ಬುಕ್ಕಿನಲ್ಲಿ ನಡೆಸುತ್ತಾರೆ. ಸಫಾರಿ ನಿಂತ ವರ್ಷ ಈ ದುಡ್ಡು ಕಡಿಮೆ ಆಗುತ್ತದೆ, ಅದಕ್ಕೂ ಸ್ವಲ್ಪ ಉಳಿಸಿಟ್ಟಿರಬೇಕು.

ಮತ್ತೆ, ಪ್ರತಿ ವಲಯದ ಕೆಲಸದ ಪಟ್ಟಿಯನ್ನು ಕಾಡಂಚಿನ ಪಂಚಾಯಿತಿ ಗೋಡೆಗೆ ಅಂಟಿಸಿ. ಎಷ್ಟು ಎಕರೆ, ಎಲ್ಲಿ, ಯಾವ ವರ್ಷದ ಸುತ್ತು, ಫೈರ್ ಲೈನ್ ಯಾವ ದಿನ ಮುಗಿಯಿತು, ಕಂದಕದ ಹೂಳು ಯಾವಾಗ ತೆಗೆದರು, ವಾಚರ್‌ಗೆ ಸಂಬಳ ಯಾವ ತಾರೀಖು ಬಂತು. ಈ ಕೊನೆಯದನ್ನು ಬಿಡಬೇಡಿ. ನಾಲ್ಕು ವರ್ಷಕ್ಕೊಮ್ಮೆ ಬರುವ ತಜ್ಞರು ಏನಾದರೂ ನೋಡಲಿ, ಆ ಗೋಡೆಯನ್ನು ನಾವು ದಿನಾ ನೋಡುತ್ತೇವೆ.

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಸೇರಿ, 2030ರ ಒಳಗೆ ಭೂಮಿಯ ನೂರಕ್ಕೆ ಮೂವತ್ತು ಭಾಗವನ್ನು ಜೀವವೈವಿಧ್ಯಕ್ಕೆ ಕಾಪಾಡುತ್ತೇವೆ ಅಂತ ಒಪ್ಪಿಕೊಂಡವು. ಭಾರತವೂ ಒಪ್ಪಿದೆ. ಹಾಗಾಗಿ ಇನ್ನು ಮುಂದೆ ಹೊಸ ಹೊಸ ಅಭಯಾರಣ್ಯ ಘೋಷಣೆ ಆಗಬಹುದು, ಆಗಲಿ. ನಕ್ಷೆಯ ಮೇಲೆ ಗೆರೆ ಎಳೆಯಲು ಒಂದು ಮಧ್ಯಾಹ್ನ ಸಾಕು. ಆ ಒಪ್ಪಂದದಲ್ಲೇ ಚೆನ್ನಾಗಿ ನಿರ್ವಹಿಸಬೇಕು ಅಂತಲೂ ಬರೆದಿದೆಯಂತೆ. ಆ ಮಾತು ನಮ್ಮ ಕಂದಕದ ತನಕ ಬಂದರೆ ಸಾಕು.

ಈಗ ಧನುರ್ಮಾಸ. ಬೆಳಗ್ಗೆ ಮಂಜು ಇದೆ, ಹುಲ್ಲಿನ ತುದಿ ಹಳದಿ ತಿರುಗಿದೆ. ಬರುವ ಸೋಮವಾರದಿಂದ ಫೈರ್ ಲೈನ್ ಕೆಲಸಕ್ಕೆ ಬನ್ನಿ ಅಂತ ನಮ್ಮೂರಿನ ಹುಡುಗರನ್ನು ಕರೆದಿದ್ದಾರೆ. ನನ್ನ ತಮ್ಮನ ಮಗನೂ ಹೋಗುತ್ತಾನಂತೆ. ಕೂಲಿ ಎಷ್ಟು ಅಂತ ಅವನು ಕೇಳಿಕೊಂಡು ಬಂದಿದ್ದಾನೆ. ಯಾವಾಗ ಅಂತ ಕೇಳಿಲ್ಲ. ಕೇಳಿ ಬಾ ಅಂತ ನಿನ್ನೆ ಸಂಜೆ ಮತ್ತೆ ಕಳಿಸಿದೆ. ಸಾಹೇಬರಿಗೇ ಗೊತ್ತಿಲ್ಲವಂತೆ ದೊಡ್ಡಪ್ಪ, ಅಂದ.

ಇಂತಿ,
ಕಾಡಂಚಿನ ಒಬ್ಬ ರೈತ, ಹಳೇ ಬೆಂಕಿ ವಾಚರ್
ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ